ಎರಡು ಬೆರಳಿನ ಜಾಗ

ವಾಷಿಂಗ್ ಯೂನಿಟ್ಟಿನ ಹಿಂದಿನ ಚರಂಡಿಯಲ್ಲಿ
ತಂಪಿಗೆಂದು ಮಲಗಿ ಮಲಗಿ
ಅದು ನೀಲಿಯಾಗಿತ್ತು.
ಹೊಟ್ಟೆ ಕಡುನೀಲಿ,
ಬೆನ್ನು ಎರಡು ಸಲ ಒಗೆದ ಪ್ಯಾಂಟಿನ ಬಣ್ಣ,
ಬಾಲದ ತುದಿಯೊಂದು ಮಾತ್ರ
ಹುಟ್ಟಿದ ಬಿಳುಪನ್ನು ಬಿಟ್ಟುಕೊಟ್ಟಿರಲಿಲ್ಲ.

"ಜೀನ್ಸ್ ನಾಯಿ" ಅಂದರು ಹುಡುಗರು.
ಎರ್ರಿಸ್ವಾಮಿ ಮೇಸ್ತ್ರಿ ನಕ್ಕ,
"ಗುಂಡಿ ಹಚ್ಚೋದೊಂದು ಬಾಕಿ ಐತೆ ನೋಡು."

ನಾನು ದಾರ ಕತ್ತರಿಸುವವಳು.
ಹನ್ನೊಂದು ವರ್ಷ, ದಿನಕ್ಕೆ ಮುನ್ನೂರು ಪ್ಯಾಂಟು.
ಗುಂಡಿಯ ಬೆನ್ನಲ್ಲಿ, ಜೇಬಿನ ಮೂಲೆಯಲ್ಲಿ
ಹೊಲಿಗೆ ಮುಗಿಸಿ ಹೋದವರು ಮರೆತ ತುದಿಗಳನ್ನು
ಬಟ್ಟೆಗೆ ಗೊತ್ತಾಗದಂತೆ ತೆಗೆಯುತ್ತೇನೆ.
ತಪ್ಪಿದರೆ ಮಾತ್ರ ಕಣ್ಣಿಗೆ ಬೀಳುವ ಕೆಲಸ.

ಬಳ್ಳಾರಿಯ ಏಪ್ರಿಲ್. ಕರೆಂಟು ಹೋಗಿ
ಮಷೀನುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದ ಮಧ್ಯಾಹ್ನ
ಅದು ಒಳಗೆ ಬಂದು ನನ್ನ ಕಾಲ ಬಳಿ ಕೂತಿತು.
ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ
ಕೂದಲು ಬಣ್ಣ ಕುಡಿದು ಉಂಡೆಗಟ್ಟಿತ್ತು;
ಕೆರೆದುಕೊಳ್ಳಲು ಎತ್ತಿದ ಕಾಲು ಎಲ್ಲಿಗೂ ಮುಟ್ಟದೆ
ಗಾಳಿಯನ್ನೇ ಕೆರೆಯುತ್ತಿತ್ತು.

ಒಬ್ಬ ಹುಡುಗ ಬಕೆಟ್ಟು ತಂದ, ಇನ್ನೊಬ್ಬ ದೊಡ್ಡ ಕತ್ತರಿ.
"ಎರಡೂ ಅತ್ತಾಗ ಇಡ್ರಪ್ಪ.
ನೀರು ಬಿದ್ರೆ ಗಂಟು ಬಿಗೀತೈತೆ,
ಆ ಕತ್ತರಿ ಕ್ಯಾನ್ವಾಸಿಗೆ. ಇದು ಚರ್ಮ."

ಬಾಗಿಲಾಚೆಯ ಬಂಡೆಗೆ ಮುಂಗೈ ಒತ್ತಿ ಎಣಿಸಿದೆ,
ಮೂರಕ್ಕೇ ಕೈ ಎದ್ದಿತು.
ನಮಗಾದರೆ ಚಪ್ಪಲಿ.
ಅಲ್ಲಿ ಬೇಡವೆಂದು ಮೇಜಿನ ಕೆಳಗಿನ ನೆರಳಲ್ಲೇ
ಚಿಂದಿ ಹಾಸಿ ಮಲಗಿಸಿದೆ.

ಗಂಟಿಗೂ ಮೈಗೂ ನಡುವೆ ಎರಡು ಬೆರಳು ತೂರಿಸಿ
ತಪ್ಪಿದರೆ ಮೊದಲು ನನ್ನದೇ ಕತ್ತರಿಸಲಿ ಎಂದು
ಚಿಕ್ಕ ಕ್ಲಿಪ್ಪರಿನ ತುದಿಯಿಂದ ಎಳೆ, ಎಳೆ, ಮತ್ತೊಂದು ಎಳೆ.
ಗುರ್ ಅಂದಾಗ ನಿಲ್ಲಿಸಿದೆ.
ಅದು ಬೈಗುಳವಲ್ಲ,
ಅದರ ಭಾಷೆಯಲ್ಲಿ "ತಡಿ" ಅಂತ.
ಮಾಬುನ್ನಿ ತನ್ನ ಬುತ್ತಿಯ ರೊಟ್ಟಿ ಮುರಿದಳು.
"ಉಳ್ಳಾಗಡ್ಡಿ ತಗದು ಕೊಡವ್ವ, ಅದಕ್ಕೆ ವಿಷ ಅದು."
ಉಣ್ಣೆಗಳು ಜೋಳದ ಕಾಳಿನ ಗಾತ್ರ;
ತಲೆ ಮುರಿಯದಂತೆ ನೆಟ್ಟಗೆ ಎಳೆದು
ಸೋಪಿನ ನೀರಿಗೆ ಹಾಕಿದೆ.
ಮೇಸ್ತ್ರಿ ಎರಡು ಸಲ ಬಂದು ಗಡಿಯಾರ ನೋಡಿ ಹೋದ.

ಕುತ್ತಿಗೆಗೆ ಬಂದಾಗ ಬೆರಳು ಒಳಗೆ ಹೋಗಲಿಲ್ಲ.
ಒಂದಲ್ಲ, ಒಂದರ ಉಗುರೂ ಇಲ್ಲ.
ಕೂದಲು ಬಿಡಿಸಿದರೆ ಕೆಂಪು ಬೆಲ್ಟು,
ಮರಿನಾಯಿಯ ಬೆಲ್ಟು,
ನಾಲಿಗೆ ತುಕ್ಕು ಹಿಡಿದ ಒಂದು ಗೆಜ್ಜೆ.

ಯಾರೋ ಕಟ್ಟಿದ್ದರು. ಮುದ್ದಿನಿಂದಲೇ ಕಟ್ಟಿರಬೇಕು,
ಇಲ್ಲದಿದ್ದರೆ ಗೆಜ್ಜೆ ಯಾಕೆ?
ನಾಯಿ ಬೆಳೆಯಿತು, ಕಟ್ಟಿದವರು ನೋಡಲಿಲ್ಲ.
ಮೈ ಸುಮ್ಮನೆ ಬೆಲ್ಟಿನ ಸುತ್ತ ಬೆಳೆದುಕೊಂಡಿತ್ತು.

ಮಾಬುನ್ನಿ ಮುಖ ತಿರುಗಿಸಿದಳು. ನಾನು ಉಸಿರು ಹಿಡಿದು
ಮೇಲಿನ ಹೊಲಿಗೆಯನ್ನಷ್ಟೇ ಬಿಚ್ಚಿದೆ;
ಗಾಯದೊಳಗಿನದನ್ನು ಎಳೆಯಲಿಲ್ಲ,
ಅದು ನನ್ನ ಕೈಯ ಕೆಲಸವಲ್ಲ.
ಆಟೋದಲ್ಲಿ ಪಶು ಆಸ್ಪತ್ರೆಯವರೆಗೂ
ನನ್ನ ಸೆರಗನ್ನು ಹಲ್ಲಲ್ಲಿ ಹಿಡಿದೇ ಇತ್ತು, ಕಚ್ಚಲಿಲ್ಲ.

ಡಾಕ್ಟರಮ್ಮ ಬಿಡಿಸಿದರು, ತೊಳೆದರು,
ಹುಚ್ಚುನಾಯಿ ರೋಗದ ಚುಚ್ಚುಮದ್ದೂ ಹಾಕಿ
ಕಾರ್ಡು ಬರೆಯಲು ಕೂತರು.
ಬಣ್ಣ? ನೀಲಿ ಎಂದು ಬರೆದು, ತಮಗೇ ನಗು ಬಂದು,
ಬಾಲ ನೋಡಿ, ಹೊಡೆದು, ಬಿಳಿ ಅಂದರು.
ಮಾಲೀಕರು?
ಹಿಂದೆ ತಿರುಗಿದೆ. ಗೋಡೆ ಇತ್ತು.
"ಹೊನ್ನೂರಮ್ಮ ಅಂತ ಬರೀರಿ."

ಅರ್ಧ ದಿನದ ಕೂಲಿ ಮುರಿದುಕೊಂಡ ಮೇಸ್ತ್ರಿ.
ಗಾಯ ಮಾಯ್ದ ಮೇಲೆ ಮಣಿಕಟ್ಟಿಗೆ ಹನಿ ಬಿಟ್ಟು,
ಕೂಸಿಗೆ ಎರೆಯುವ ಹದ ನೋಡಿ, ಮೀಯಿಸಿದೆ.
ಏಳು ಬಕೆಟ್ಟು. ಏಳನೆಯದೂ ತಿಳಿನೀಲಿ.
ಮೈ ಕೊಡವಿ ನನ್ನ ಗೋಡೆಗೆ ಚುಕ್ಕಿ ಇಟ್ಟಿತು,
ಇನ್ನೂ ಹೋಗಿಲ್ಲ.

ಆದರೆ ಅವತ್ತು, ಆಸ್ಪತ್ರೆಯಿಂದ ಬಂದ ರಾತ್ರಿ,
ನಿದ್ದೆಯಲ್ಲಿದ್ದ ಕಿರಿಮಗನ ಅಂಗಿ ಸರಿಸಿ
ಸೊಂಟದ ಕರಿ ಉಡದಾರದೊಳಗೆ
ಎರಡು ಬೆರಳು ತೂರಿಸಿ ನೋಡಿದೆ.
ಒಂದೇ ಹೋಯಿತು.
ಎದ್ದು ಕ್ಲಿಪ್ಪರು ಹುಡುಕಿದೆ.