ಟೆನರ್, ಕೊನೆಯದು, ಮೂರು

ಕೆರೂರಿನಿಂದ ಜೀವನಪ್ಪನ ಮೆಸೇಜು:
"ಅಕ್ಕಾ, ಏನೂ ಕೇಳಸವಲ್ದು."

ಬಸ್ಸಿನ ಗದ್ದಲ ಇರಬೇಕು ಅಂದೆ.
ಇಂಜಿನ್ ಬಂದ್ ಮಾಡೀನಿ ಅಂದ.
ಕಿವ್ಯಾಗ ವಾಯರ್ ಹಾಕ್ಕೊ ಅಂದೆ.
ಹಾಕ್ಕೊಂಡೀನಿ, ತಗದೀನಿ, ಊದೀನಿ, ಮತ್ತ ಹಾಕ್ಕೊಂಡೀನಿ.

ಗುಳೇದಗುಡ್ಡದ ನಮ್ಮ ಸಭೆಯ ಗಾಯನ ಮಂಡಳಿಯೊಳಗ
ಸೊಪ್ರಾನೊ ಒಂಬತ್ತು ಮಂದಿ, ಆಲ್ಟೊ ಐದು,
ಬಾಸಿಗೆ ಮಗ್ಗದ ಸತ್ಯಮಿತ್ರ ಮಾವ, ಮತ್ತವನ ಅಳಿಯ.
ಟೆನರಿಗೆ ಒಬ್ಬನ ಒಬ್ಬ, ಸರಕಾರಿ ಬಸ್ಸಿನ ಡ್ರೈವರು,
ಪ್ರಾಕ್ಟೀಸಿನ ಸಂಜಿ ಯಾವತ್ತೂ ಬಾದಾಮಿ ಡಿಪೋದಾಗ.
ಅದಕ್ಕ ಅವನ ಪಾಲಿನ ದನಿ ಅಷ್ಟ ಬ್ಯಾರೆ ತಗದು
ಫೋನಿಗೆ ಕಳಸೂದು ನನ್ನ ಪಾಲಿಗೆ.

ಸ್ಕ್ರೀನಿನ ಮ್ಯಾಲ ಸ್ವರ ಎಲ್ಲಾ ನೆಟ್ಟಗ ಅದಾವು,
ಐದು ಗೆರಿ ಮ್ಯಾಲ ಬೇವಿನಕಾಯಿ ಪೋಣಿಸಿಟ್ಟಂಗ.
ಪ್ಲೇ ಒತ್ತಿದರ ನಾಕೂ ದನಿ.
ಹೊರಗ ತಗದ ಫೈಲು ಮಾತ್ರ ಮೂಗ.
ಮೂರು ನಿಮಿಷ ಹನ್ನೆರಡು ಸೆಕೆಂಡು, ಮೂರು ಎಂಬಿ.
ಸುಮ್ಮನಿರಾಕೂ ಜಾಗಾ ಬೇಕಲ್ಲ, ಬಾಡಗಿ ಕೊಟ್ಟು.

ಎಂಪಿಥ್ರೀ ಬಿಟ್ಟು ವೇವ್ ಮಾಡಿದೆ:
ಮೂವತ್ನಾಕು ಎಂಬಿ, ಅಷ್ಟೂ ಮೌನ.
ಫೈಲಿನ ಹೆಸರು ಬದಲಿಸಿದೆ, ಟೆನರ್ ಕೊನೆಯದು,
ಟೆನರ್ ಕೊನೆಯದು ಎರಡು.
ಕನ್ನಡದಾಗ ಹೆಸರಿಟ್ಟದ್ದಕ್ಕ ಸಿಟ್ಟಾಗೈತಿ ಅದು
ಅಂದಳು ತಮ್ಮನ ಮಗಳು ಎಸ್ತೇರ.
ಇಂಗ್ಲೀಷಿನ್ಯಾಗ ಇಟ್ಟೆ.
ಇಂಗ್ಲೀಷಿನ್ಯಾಗೂ ಅದು ಬಾಯಿ ಬಿಡಲಿಲ್ಲ.
ವಾದ್ಯದ ದನಿ ತುಂಬಿದ ದೊಡ್ಡ ಫೈಲು ಕೆಟ್ಟಿರಬೇಕಂತ
ಹೊಸದು ಇಳಿಸಾಕ ಹಚ್ಚಿದೆ.
ರಾತ್ರಿ ಹನ್ನೊಂದಕ್ಕ, ನೂರಕ್ಕ ತೊಂಬತ್ತೇಳು ಮುಟ್ಟಿದಾಗ
ಕರೆಂಟ್ ಹೋತು.

ಬಾಜೂಮನಿ ಮಗ್ಗ ನಿಂತ್ವು.
ಓಣಿಗೆ ಓಣಿನ ಉಸುರು ಹಿಡಕೊಂಡಂಗ ಆತು.
ಬ್ಯಾಟರಿ ಮ್ಯಾಲ ಇನ್ನೊಮ್ಮೆ ಪ್ಲೇ ಒತ್ತಿ
ತಂಬಿಗಿ ಎತ್ತಿದೆ.

ಎಂಟನೇ ಮನಿಯೊಳಗ ಟೆನರ್ ಏರಬೇಕು.
ಏರಲಿಲ್ಲ.
ನೀರು ನುಂಗಿದೆ. ಏರಿತು.
ಹಿಂದಕ ಹೋಗಿ, ಬಾಯ್ತುಂಬ ನೀರು ಹಿಡಕೊಂಡು ಕುಂತೆ.
ಇಲ್ಲ.

ಇಷ್ಟು ದಿನ ಕಂಪ್ಯೂಟರಿನ ದನಿ ಅಂತ ನಾ ಕೇಳಿದ್ದು
ನನ್ನ ಗಂಟಲಾ.

ಮಿಕ್ಸರಿನ ಮೂರನೇ ಸಾಲಿನ್ಯಾಗ ಸಣ್ಣದೊಂದು ಕೆಂಪು ಗುಂಡಿ.
ಒತ್ತಿದಾಕಿ ನಾನ.
ಶುಭ ಶುಕ್ರವಾರದ ಮುಂದ ಅವ ಬರದಾಗ
ಅವನ ಜಾಗಾಕ್ಕ ನಿಂತು ಹಾಡಿದ್ದೆ,
ಯಂತ್ರ ಅಡ್ಡ ಬರತೈತಂತ ಅದರ ಬಾಯಿ ಮುಚ್ಚಿದ್ದೆ.
ಮುಚ್ಚಿದ್ದು ಮರತೆ.
ಗುನುಗೂದು ಮರೀಲಿಲ್ಲ.

ಗುಂಡಿ ಬಿಡಿಸಿ ತಗದೆ. ಬಂತು.
ಕಡೀ ಸ್ವರ ಮಾತ್ರ, ಕತ್ತರಿ ಹಾಕಿದ ಖಣದಂಗ,
ಪಟ್ಟನ ಕಡದಿತ್ತು.
ಮುಗದ ಹಾಡಿನ ಮುಂದ ಖಾಲಿ ಮನಿ ಒಂದು ಹಚ್ಚಿದೆ,
ದನಿಗೆ ಕುಂದರಾಕ.
ಕಳಸಿದಾಗ ಒಂದೂವರಿ.

ಮುಂಜಾನೆ ಆರರ ಬಸ್ಸು ಬಿಡೂ ಮೊದಲ ಉತ್ತರ ಬಂತು:
"ಕೇಳತೈತಿ ಅಕ್ಕಾ. ಆದರ ಪೀಪಿ ಊದಿದಂಗೈತಿ ಇದು.
ನೀ ಹಾಡ್ತೀಯಂತಲ್ಲ ನಂದು, ಸತ್ಯಮಿತ್ರ ಮಾವ ಹೇಳಿದ.
ಅದನ್ನ ಕಳಸು."

ಕರೆಂಟ್ ಬಂದಿತ್ತು. ಸುತ್ತಲೂ ಮಗ್ಗ ಖಟಪಟ.
ಫೋನು ಹಿಡಕೊಂಡು ಪಡಸಾಲಿ, ಅಟ್ಟ, ಹಿತ್ತಲ ತಿರುಗಿದೆ.
ಉಳದದ್ದು ಬಚ್ಚಲಮನಿ ಒಂದ.
ಕದಾ ಹಾಕ್ಕೊಂಡೆ.