ಹದಿನಾಲ್ಕನೆಯ ಕಾಲಂ

ಹೆಲ್ಸಿಂಕಿಯಿಂದ ನಮೂನೆ ಬಂದಿದೆ.
ಅಡ್ಡಕ್ಕೆ ಇಪ್ಪತ್ತೆರಡು ಕಾಲಂ, ಉದ್ದಕ್ಕೆ ನೂರಾ ಆರು ಹೆಸರು,
ಚೌಕ ಚೌಕಕ್ಕೂ ಒಂದರಿಂದ ಐದು.
ಶುಕ್ರವಾರದೊಳಗೆ ತುಂಬಬೇಕು.
ನಾನು ಸೆಯಾ ರಸಿಲಾ, ಸಿಬ್ಬಂದಿ ವಿಭಾಗ,
ಕಾಗದದ ಗಿರಣಿಯಲ್ಲಿ ಕೂತು
ಕಾಗದವೇ ಇಲ್ಲದ ನಮೂನೆ ತುಂಬುವವಳು.

ಹೊರಗೆ ಮಧ್ಯಾಹ್ನ ಎರಡೂವರೆಗೇ ಕತ್ತಲು.
ಹೆಪ್ಪುಗಟ್ಟುತ್ತ ಸರೋವರ ಆಗಾಗ ನರಳುತ್ತದೆ.
ಹೊಸಬರು ಬೆಚ್ಚಿ ಕಿಟಕಿಗೆ ಬರುತ್ತಾರೆ,
ಹಳಬರು ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಎಪ್ಪತ್ತೊಂದನೆಯ ಸಾಲು: ತೊರ್ಸ್ತಿ ಹುಕ್ಕನೆನ್.
ಮೂರನೇ ಯಂತ್ರ, ಮೂವತ್ತಾರು ವರ್ಷ.
ಸಲಕರಣೆ: ಪೊರಕೆ ಸವೆದು ಉಳಿದ ಒಂದು ಹಿಡಿಕೋಲು.
ಒಂದು ತುದಿ ಬೇರಿಂಗಿನ ಮೇಲೆ, ಇನ್ನೊಂದು ಎಡಗಿವಿಗೆ.
ಬಾಗಿಲಾಚೆ ಯಾರೋ ತನ್ನ ಹೆಸರೆತ್ತಿದರು ಎಂಬ ಹಾಗೆ
ಅರ್ಧ ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾನೆ.
ಆಮೇಲೆ ಒಂದೇ ಮಾತು: "ಗುರುವಾರ."
ಗುರುವಾರ ಆ ಬೇರಿಂಗ್ ಹೋಗುತ್ತದೆ.
ಬುಧವಾರವೇ ಹೋದದ್ದೂ ಉಂಟು; ಅವತ್ತು ಅವನು ಊಟ ಬಿಟ್ಟ.

ಕಿವಿಗೊಟ್ಟು ಕೇಳು ಅನ್ನುತ್ತೇವಲ್ಲ,
ತೊರ್ಸ್ತಿ ನಿಜಕ್ಕೂ ಕೊಟ್ಟೇಬಿಟ್ಟ.
ಎಡಗಡೆ ಈಗ ಮನುಷ್ಯರ ದನಿ ಹತ್ತುವುದಿಲ್ಲ,
ಉಕ್ಕಿನದು ಮಾತ್ರ.

ಸೆಪ್ಟೆಂಬರಿನಲ್ಲಿ ಓನಾ ಬಂದಳು, ಇಪ್ಪತ್ನಾಲ್ಕರ ಹುಡುಗಿ,
ಕೋಟಿನ ಗುಂಡಿಯಷ್ಟು ಸೆನ್ಸರುಗಳು, ನಾನೂರಕ್ಕೂ ಮಿಕ್ಕಿ,
ಯಂತ್ರದ ಮೈತುಂಬ ಅಂಟಿಸಿದಳು.
"ನಿಮಗೆ ಏನು ಕೇಳಿಸುತ್ತೆ, ಹೇಳಿ, ಬರ್ಕೋತೀನಿ."
ಅವನು ಯೋಚಿಸಿದ.
ಬರ್ಚ್ ಮರಗಳು ಎಲೆಯೆಲ್ಲ ಉದುರಿಸಿ ಮುಗಿಸಿದ ಮೇಲೆ ಹೇಳಿದ:
"ಒಣಗಿದ್ದು."
ಎಷ್ಟು ಹರ್ಟ್ಜ್, ಎಂದಳು.
ಅವನು ಅವಳಿಗೊಂದು ಬನ್ ಕೊಡಿಸಿದ.

ಹದಿನಾಲ್ಕನೆಯ ಕಾಲಂ: ಆಲಿಸುವ ಸಾಮರ್ಥ್ಯ.
ನೌಕರರು ತಮಗೆ ತಾವೇ ಅಂಕ ಕೊಟ್ಟುಕೊಳ್ಳಬೇಕು.
ತೊರ್ಸ್ತಿ ಕೊಟ್ಟುಕೊಂಡದ್ದು ಒಂದು.
ಕರೆಸಿದೆ. ಬಲಗಿವಿಯ ಕಡೆಗೆ ಕುರ್ಚಿ ಎಳೆದುಕೊಂಡು ಕೇಳಿದೆ,
ಬೆರಳು ತಪ್ಪಿ ಒತ್ತಿದೆಯಾ?
"ಇಲ್ಲ. ಹೆಲ್ವಿ ಇಪ್ಪತ್ತು ವರ್ಷ ಅದನ್ನೇ ಹೇಳಿದಳು.
ಪೆಟ್ಟಿಗೆ ಎತ್ತಿಕೊಂಡು ಹೊರಟಾಗಲೂ."
ಎದ್ದ. ಬಾಗಿಲ ಹತ್ತಿರ ನಿಂತ,
ನನ್ನ ಪ್ರಿಂಟರಿನತ್ತ ತಲೆ ವಾಲಿಸಿ:
"ಎರಡು ವಾರ."

ಒಂದನ್ನು ಅಳಿಸಿ ಐದು ಮಾಡಿದೆ.
ವ್ಯತ್ಯಾಸಕ್ಕೆ ಕಾರಣ? ಎಂದಿತು ಪರದೆ,
ಇನ್ನೂರು ಅಕ್ಷರ ಮೀರದಂತೆ.
"ಹಿಡಿಕೋಲು" ಎಂದು ಬರೆದೆ.
ಹೆಲ್ಸಿಂಕಿ ಏನೂ ಕೇಳಲಿಲ್ಲ.
ಹೆಲ್ಸಿಂಕಿ ಕೂಡಿಸಿತು, ಕಳೆಯಿತು,
ಮೂವತ್ತೊಂದು ಪತ್ರ ಮುದ್ರಿಸಿ ಕೈಗೆ ಕೊಡಿ ಎಂದಿತು.
ಕೈಗೇ ಕೊಡಬೇಕಂತೆ, ಅದು ಗೌರವವಂತೆ.

ಪ್ರಿಂಟರು ಹತ್ತೊಂಬತ್ತನೆಯದಕ್ಕೆ ಕಚ್ಚಿಕೊಂಡಿತು.
ಲೆಕ್ಕ ಹಾಕಿದೆ: ಹದಿನಾರು ದಿನ.
ಅರ್ಧ ಹೊರಬಂದ ಹಾಳೆಯಲ್ಲಿ ಯಾರದೋ ಅರ್ಧ ಹೆಸರು,
ತೊರ್ಸ್ತಿಯದಲ್ಲ.
ಅವನದು ಆಗಲೇ ಬಂದು ತಟ್ಟೆಯಲ್ಲಿ ಬೆಚ್ಚಗೆ ಬಿದ್ದಿತ್ತು.
ಹಾಳೆ ನಮ್ಮದೇ, ಮೂರನೇ ಯಂತ್ರದ್ದು.
ಒಳ್ಳೆಯ ಹಾಳೆ. ಎಲ್ಲೂ ಒಂದು ನಾರೂ ಎದ್ದಿರಲಿಲ್ಲ.

ಉಳಿದ ಹನ್ನೆರಡನ್ನು ಕೈಯಲ್ಲೇ ಬರೆದೆ.
ವಿಷಾದ ಎಂಬ ಪದವನ್ನು ಹನ್ನೆರಡು ಸಲ ಬರೆದರೆ
ಏಳನೆಯದಕ್ಕೇ ಅದು ಬರೀ ಗೆರೆ.

ಫೆಬ್ರವರಿಯ ಒಂದು ರಾತ್ರಿಪಾಳಿ, ಕಾರಣವಿಲ್ಲದೆ ಕೆಳಗಿಳಿದೆ.
ಓನಾಳ ಆರೂ ಪರದೆಗಳಲ್ಲಿ ಎಲ್ಲ ಹಸಿರು.
ಅವಳು ಅಲ್ಲಿರಲಿಲ್ಲ.
ಯಂತ್ರದ ಬುಡದಲ್ಲಿದ್ದಳು,
ಕೂದಲು ಹಿಂದಕ್ಕೆ ಸರಿಸಿ, ಕೋಲು ಎಡಗಿವಿಗೆ ಒತ್ತಿ,
ಕಣ್ಣು ಮುಚ್ಚಿ.

ಸುರಕ್ಷತಾ ನಿಯಮದ ಪ್ರಕಾರ ನಾನು ಏನಾದರೂ ಹೇಳಬೇಕಿತ್ತು.
ಅವಳು ಕಣ್ಣು ಬಿಡುವವರೆಗೆ ಕಾದೆ.
ಕಿವಿ ಬದಲಾಯಿಸುತ್ತಿರು, ಎಂದೆ.