ಹೆಗಲ ಮೇಲೊಂದು ಮೀಟರು

ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಐದು ಪ್ರೆಸ್ಸು.
ತಗಡು ಕೊಟ್ಟರೆ ಬಟ್ಟಲು, ಬಟ್ಟಲಿಗೊಂದು ಏಟು.
ಇಪ್ಪತ್ತಾರು ವರ್ಷದಿಂದ ಎರಡನೆಯದು ನನ್ನದು.
ಇಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ:
ಟೀ ಅಂದರೆ ಹೆಬ್ಬೆರಳು ತುಟಿಗೆ,
ಸಾಹೇಬರು ಬಂದರು ಅಂದರೆ ಮೀಸೆ ತಿರುವುವುದು,
ಸಾಹೇಬರಿಗೆ ಮೀಸೆ ಇಲ್ಲದಿದ್ದರೂ.

ಸುಹಾಸಿನಿ ಮೇಡಂ ಬಂದು ಅಂಗಿಯ ಹೆಗಲಿಗೆ
ಬೆಂಕಿಪೊಟ್ಟಣದಷ್ಟು ಮೀಟರು ಸಿಕ್ಕಿಸಿದರು.
"ಕಿವಿ ಹತ್ತಿರವೇ ಇರಲಿ, ಪುಟ್ಟಕಾಮಣ್ಣ.
ನೀವು ಕೇಳಿದ್ದನ್ನೆಲ್ಲ ಇದೂ ಕೇಳುತ್ತೆ."
ಆಮೇಲೆ ಹಾಳೆಯ ಮೇಲೆ ಶೆಡ್ಡು ಬರೆದು
ದೇವರಾಯನದುರ್ಗದ ನಕ್ಷೆಯ ಹಾಗೆ ಸುತ್ತು ಗೆರೆ ಎಳೆದರು,
ನಡುವೆ ಕೆಂಪು, ಅಂಚಿಗೆ ಹಳದಿ,
ಮೂಲೆಯಲ್ಲಿ, ದೀಪಾವಳಿ ಕಳೆದು ಬರಲಿರುವ
ಆರನೇ ಪ್ರೆಸ್ಸಿಗೂ ಒಂದು ಕೆಂಪು.
ಇನ್ನೂ ಹುಟ್ಟದ ಸದ್ದಿಗೆ ಜಾತಕ!
ಬುಡುಬುಡಿಕೆಯವನೂ ಶಕುನ ನುಡಿಯುತ್ತಾನೆ,
ಆದರೆ ಅವನು ಮೊದಲು ನಿದ್ದೆ ಕೆಡಿಸುತ್ತಾನೆ.

ಲೆಕ್ಕವೂ ವಿಚಿತ್ರ.
ತೊಂಬತ್ತರ ಪಕ್ಕ ತೊಂಬತ್ತು ನಿಂತರೆ ತೊಂಬತ್ತಮೂರಂತೆ.
"ಬರೀ ಮೂರಾ?"
"ಆ ಮೂರು ಅಂದರೆ ದುಪ್ಪಟ್ಟು."
ಸಂಬಳ ಮಾತ್ರ ಹೀಗೆ ಏರುವುದಿಲ್ಲ. ಅಲ್ಲಿ ಮೂರು ಅಂದರೆ ಮೂರೇ.

ಆ ಸಂಜೆ ಬಿಚ್ಚಿ ಕೊಡಲು ಮರೆತೆ.
ಮಾರನೇ ದಿನ ಪರದೆಯ ಮೇಲೆ ನನ್ನ ದಿನ ಮಲಗಿತ್ತು:
ಎಂಟು ಗಂಟೆ ಗುಡ್ಡ, ಊಟದ ಹೊತ್ತಿಗೊಂದು ಕಣಿವೆ, ಬಸ್ಸು,
ಏಳರಿಂದ ಒಂಬತ್ತು ಮತ್ತೆ ಗುಡ್ಡ.
"ಮನೇಲೂ ಪ್ರೆಸ್ಸು ಇಟ್ಟಿದೀರಾ?"
ಟೀವಿ. ನನಗೆ ಸಣ್ಣಗೆ ಕೇಳುವ ವಾರ್ತೆ.
ಮುದ್ದರಂಗಿ ಅಡುಗೆಮನೆ ಬಾಗಿಲು ಹಾಕಿಕೊಳ್ಳುವುದು
ಒಗ್ಗರಣೆಯ ಘಾಟಿಗೆ ಅಂದುಕೊಂಡಿದ್ದೆ,
ಇಷ್ಟು ವರ್ಷ.
(ನಡುರಾತ್ರಿಯ ಸಾಲು ದಿಬ್ಬ ಏನೆಂದು ಅವಳನ್ನೇ ಕೇಳಬೇಕಾಯಿತು.
"ನಿನ್ನ ಗೊರಕೆ" ಅಂದಳು.)

ಕಿವಿಗೆ ಬಿರಡೆ ಕೊಟ್ಟು ಮುಗಿಸೋಣ ಅಂದರು ಸಾಹೇಬರು.
ಮೇಡಂ ನಕ್ಷೆ ಮಡಚಲಿಲ್ಲ.
ನಿಧಾನಕ್ಕೆ, ಬಿಲ್ಲು ಪಾಸಾದ ಹಾಗೆಲ್ಲ,
ಪ್ರೆಸ್ಸಿನ ಕಾಲಿಗೆ ರಬ್ಬರು ಬಂತು, ತಲೆಗೆ ಗೂಡು,
ಬಟ್ಟಲು ಜಾರುವ ದೋಣಿಗೆ ಹಳೇ ಬೆಲ್ಟಿನ ಹಾಸು.
ಕಂಪ್ರೆಸರು ಗೋಡೆಯಾಚೆ ಹೊಂಗೆ ಮರದಡಿ ಹೋಯಿತು.
ಆರನೆಯದು ಮೂಲೆಗೆ ಬರಲೇ ಇಲ್ಲ,
ಹಿಂದಿನ ಗೋದಾಮಿನಲ್ಲಿ ಒಂಟಿಯಾಗಿ ಗುದ್ದುತ್ತಿದೆ.

ಈಗ ಶೆಡ್ಡಿನಲ್ಲಿ ಮಾತು ಕೇಳಿಸುತ್ತದೆ.
ಅಂದರೆ, ಹುಡುಗರಿಗೆ.
ನನಗೆ ಕೇಳಿಸುವುದು ಒಂದು ಸಿಳ್ಳೆ,
ಎಡೆಬಿಡದ್ದು, ಕುಕ್ಕರು ಕೂಗುವ ಮುಂಚಿನ ಉಸಿರಿನಂಥದು.
ಪ್ರೆಸ್ಸಿನ ಕೆಳಗೆ ಎಷ್ಟು ಕಾಲದಿಂದ ಅವಿತಿತ್ತೋ.
ಯಾವ ಬೇರಿಂಗೆಂದು ಎಣ್ಣೆ ಡಬ್ಬಿ ಹಿಡಿದು ಹುಡುಕಿದೆ.
ಮೇಡಂ ಮೀಟರು ಹಿಡಿದು ಸುತ್ತಿದರು,
ಕೊನೆಗೆ ನನ್ನ ಕಿವಿಯ ಬಳಿಯೂ ಹಿಡಿದರು.
ಮೀಟರಿಗೆ ಅದು ಗೊತ್ತಿಲ್ಲ.

ಮೂರನೇ ಪ್ರೆಸ್ಸಿಗೆ ಪಾವಗಡದ ತಿಪ್ಪೇಶ,
ಸೇರಿ ಎಂಟು ತಿಂಗಳು.
"ನಿನಗೇನಾದರೂ ಸಿಳ್ಳೆ ಕೇಳಿಸುತ್ತೇನೋ?"
ಕೈ ನಿಲ್ಲಿಸಿ, ತಲೆ ಓರೆ ಮಾಡಿ ಆಲಿಸಿ,
"ಇಲ್ಲಣ್ಣ" ಅಂದ.
"ಸದ್ಯ" ಅಂದೆ, ಗಂಟಲೊಳಗೇ.
ಅವನಿಗೆ ಅದು ಕೇಳಿಸಿತು.